ಮಂಗಳವಾರದ ಕನ್ನಡ



ನಮ್ಮ ಸ್ಮರಣ ಸಂಚಿಕೆಗಳಲ್ಲಿ ಹಬ್ಬದ ಕನ್ನಡಕ್ಕೆ ಎಂದೂ ಕೊರತೆಯಾದದ್ದಿಲ್ಲ. ಯುಗಾದಿ, ದಸರಾ, ರಾಜ್ಯೋತ್ಸವಗಳನ್ನು ಕುರಿತು ನಾವೆಲ್ಲರೂ ಮನಸಾರೆ ಬರೆದಿದ್ದೇವೆ. ೨೦೦೬ರಲ್ಲಿ ಬಾಲ್ಟಿಮೋರಿನಲ್ಲಿ, ೨೦೧೨ರಲ್ಲಿ ಅಟ್ಲಾಂಟಾದಲ್ಲಿ, ೨೦೨೪ರಲ್ಲಿ ರಿಚ್‌ಮಂಡಿನಲ್ಲಿ ‘ಅಕ್ಕ’ ಸಮ್ಮೇಳನ ನೆರೆದದ್ದು ಲೇಬರ್ ಡೇ ರಜೆಯ ವಾರಾಂತ್ಯದಲ್ಲಿ. ಆ ಸೋಮವಾರ ಕಳೆದರೆ ಮಂಗಳವಾರ. ರೇಷ್ಮೆ ಸೀರೆಯೂ ಮೈಸೂರು ಪೇಟವೂ ಪೆಟ್ಟಿಗೆ ಸೇರುತ್ತವೆ, ಕಚೇರಿ ಕರೆಯುತ್ತದೆ. ಈ ಬಾರಿಯ ಅಂಕಣ ಆ ಮಂಗಳವಾರವನ್ನು ಕುರಿತದ್ದು.

ಉತ್ತರ ವರ್ಜೀನಿಯಾದ ನಮ್ಮ ಮನೆಯಲ್ಲಿ ಅದು ಬೆಳಗಿನ ಐದೂವರೆಗೆ ಆರಂಭವಾಗುತ್ತದೆ. ಮಗನ ಡಬ್ಬಿಗೆ ಚಿತ್ರಾನ್ನ, ನನ್ನ ಡಬ್ಬಿಗೆ ಹಿಂದಿನ ರಾತ್ರಿಯ ಅನ್ನ ಸಾರು. ಬಳಿಕ ಡಲಸ್ ಟೋಲ್ ರಸ್ತೆ, ಕಂಪ್ಯೂಟರಿನ ಮುಂದೆ ಎಂಟೊಂಬತ್ತು ಗಂಟೆಗಳ ದುಡಿಮೆ. ಸಂಜೆ ಮರಳಿದರೆ ಬಟ್ಟೆ ಮಡಿಸುವುದು, ಪಾತ್ರೆ ತೊಳೆಯುವುದು, ಕಸದ ಡಬ್ಬಿಯನ್ನು ಬೀದಿಯಂಚಿಗೆ ತಳ್ಳುವುದು. ಪಾತ್ರೆಗಳ ಸದ್ದಿನ ನಡುವೆ ರಾಜ್‌ಕುಮಾರ್ ಚಿತ್ರಗಳ ಹಾಡು ಕೇಳಿಬರುತ್ತಿರುತ್ತದೆ. ಇದರಲ್ಲಿ ವಿಶೇಷವೇನೂ ಇಲ್ಲ. ನಿಮ್ಮ ಮನೆಯ ದಿನಚರಿಯೂ ಬಹುಮಟ್ಟಿಗೆ ಇದೇ ಆಗಿರಬಹುದು.

ರಾತ್ರಿ ಎಂಟೂವರೆಗೆ ಮಕ್ಕಳ ಆಟ. ವರ್ಜೀನಿಯಾದಿಂದ ನನ್ನ ಮಗ, ಉತ್ತರ ಕ್ಯಾರೊಲೈನಾದ ಕ್ಯಾರಿಯಿಂದ ತಂಗಿಯ ಮಗ, ಅಟ್ಲಾಂಟಾದಿಂದ ತಮ್ಮನ ಮಗಳು ಕಿವಿಗೆ ಹೆಡ್‌ಫೋನ್ ಏರಿಸಿ ‘ಫೋರ್ಟ್‌ನೈಟ್’ ಆಡುತ್ತಾರೆ. ನಾಲ್ವರ ತಂಡ ತುಂಬಲು ನಾನು. ನಮ್ಮ ಈ ಆಟದ ತವರು ನಮ್ಮ ನೆರೆಹೊರೆಯೇ ಎಂಬುದು ಸ್ವಾರಸ್ಯದ ಸಂಗತಿ. ಇದನ್ನು ತಯಾರಿಸಿದ ಎಪಿಕ್ ಗೇಮ್ಸ್ ಸಂಸ್ಥೆಯನ್ನು ಟಿಮ್ ಸ್ವೀನಿ ೧೯೯೧ರಲ್ಲಿ, ವಾಷಿಂಗ್ಟನ್ನಿನ ಹೊರವಲಯದ ಪೊಟೊಮ್ಯಾಕ್‌ನಲ್ಲಿ, ತಂದೆತಾಯಿಗಳ ಮನೆಯಲ್ಲಿ ಬೇರೊಂದು ಹೆಸರಿನಿಂದ ಆರಂಭಿಸಿದರು. ೧೯೯೯ರಲ್ಲಿ ಅದು ಕ್ಯಾರಿಗೆ ಹೋಯಿತು. ‘ಫೋರ್ಟ್‌ನೈಟ್’ ೨೦೧೭ರಲ್ಲಿ ಬಂದಿತು. ಸಿಡ್ ಮೈಯರ್ ಅವರ ‘ಸಿವಿಲೈಸೇಷನ್’ ೧೯೯೧ರಲ್ಲಿ ರೂಪುಗೊಂಡದ್ದು ಬಾಲ್ಟಿಮೋರಿನ ಬಳಿಯ ಹಂಟ್ ವ್ಯಾಲಿಯಲ್ಲಿ. ೧೯೯೨ರಲ್ಲಿ ಕಾರ್ಟೂನ್ ನೆಟ್‌ವರ್ಕ್ ಪ್ರಸಾರ ತೊಡಗಿದ್ದು ಅಟ್ಲಾಂಟಾದಿಂದ. ನಮ್ಮ ಮಕ್ಕಳ ಕಲ್ಪನಾಲೋಕ ನಾವು ದಿನವೂ ಓಡಾಡುವ ರಸ್ತೆಗಳ ಆಸುಪಾಸಿನಲ್ಲಿಯೇ ಹುಟ್ಟಿದೆ. ಆದರೆ ಅದರ ಭಾಷೆ ನಮ್ಮದಲ್ಲ. ಮೂರು ಊರುಗಳ ಮೂವರು ಕನ್ನಡದ ಮಕ್ಕಳು ಆಡುವಾಗ ಒಂದು ಮಾತೂ ಕನ್ನಡದಲ್ಲಿರುತ್ತಿರಲಿಲ್ಲ. ೨೦೨೨ರಲ್ಲಿ ‘ಕೆಜಿಎಫ್’ನ ಎರಡನೆಯ ಭಾಗವನ್ನೂ ‘ಕಾಂತಾರ’ವನ್ನೂ ಇಲ್ಲಿನ ಚಿತ್ರಮಂದಿರಗಳಲ್ಲಿ ನೋಡಿ ಬಂದು ಅವರು ಗಂಟೆಗಟ್ಟಲೆ ಚರ್ಚಿಸಿದರು, ಇಂಗ್ಲಿಷಿನಲ್ಲಿ. ಕೇಳುವ ಕನ್ನಡ ತಾನಾಗಿ ಆಡುವ ಕನ್ನಡವಾಗದು.

ಕಳೆದ ಬೇಸಿಗೆಯಲ್ಲಿ ಮೈಸೂರಿನಿಂದ ನಮ್ಮ ತಾಯಿಯವರು ಬಂದರು. ಮೊಮ್ಮಗನ ಹಿಂದೆ ಕುರ್ಚಿ ಹಾಕಿಕೊಂಡು ಕುಳಿತು, “ಯಾರೋ ಅದು? ಯಾಕೋ ಹಾಗೆ ಓಡ್ತೀಯ?” ಎಂದು ಕೇಳತೊಡಗಿದರು. ಕೈಗಳೆರಡೂ ಆಟದಲ್ಲಿ ತೊಡಗಿದ್ದ ಹುಡುಗ, “ಬಿರುಗಾಳಿ ಬರ್ತಾ ಇದೆ ಅಜ್ಜಿ, ಒಳಗಡೆ ಹೋಗ್ಬೇಕು” ಎಂದ. ನಾಲ್ಕನೆಯ ದಿನ ಆಕೆ “ಬಲಗಡೆ ನೋಡೋ, ಮರದ ಹಿಂದೆ!” ಎಂದು ಕೂಗಿದರು, ಕ್ಯಾರಿಯಲ್ಲಿದ್ದ ಇನ್ನೊಬ್ಬ ಮೊಮ್ಮಗನೂ ಬಲಕ್ಕೆ ತಿರುಗಿದ.

ಒಂದು ಭಾನುವಾರ ಆಕೆ ಹಿತ್ತಿಲ ಕಟ್ಟೆಯ ಮೇಲೆ ಸೀಮೆಸುಣ್ಣದಿಂದ ಐದೈದು ಮನೆಗಳ ಚೌಕಾಬಾರ ಬರೆದರು. ಕವಡೆಗಳು ಸಿಗದೆ ಹುಣಸೆ ಬೀಜಗಳನ್ನು ಒಂದು ಬದಿಗೆ ತೇಯ್ದುಕೊಂಡೆವು. ನಾಲ್ಕೂ ಬೆಳ್ಳಗೆ ಬಿದ್ದರೆ ಚೌಕ, ನಾಲ್ಕೂ ಕಪ್ಪಗೆ ಬಿದ್ದರೆ ಬಾರ. ಕಾಯಿ ಹೊರಸುತ್ತನ್ನು ಮುಗಿಸಿ ಒಳಸುತ್ತಿಗೆ ಬಂದು ನಡುಮನೆ ಸೇರಿದರೆ ಅದು ಹಣ್ಣು. “ನಿನ್ನ ಆಟವೂ ಇದೇ ಅಲ್ಲವೇನೋ? ಸುತ್ತು ಕಿರಿದಾಗ್ತಾ ಬರುತ್ತೆ, ಉಳಿದವನು ಗೆಲ್ತಾನೆ” ಎಂದರು. ಮರುದಿನ ತಂಡ ಗೆದ್ದಾಗ ಮಗ ಕೂಗಿದ ಮಾತು “ಹಣ್ಣಾಯ್ತು!” ಎಂಬುದು. ಅಟ್ಲಾಂಟಾದ ಹುಡುಗಿ ಅದರ ಅರ್ಥ ಕೇಳಿದಳು, ಅವನು ವಿವರಿಸಿದ.

ಆಟವನ್ನು ಹಗುರವಾಗಿ ಕಾಣುವ ಹಿರಿಯರಿಗೆ ಒಂದು ಮಾತು. ಮುಮ್ಮಡಿ ಕೃಷ್ಣರಾಜ ಒಡೆಯರು (೧೭೯೪–೧೮೬೮) ತಮ್ಮ ‘ಶ್ರೀತತ್ತ್ವನಿಧಿ’ಯಲ್ಲಿ ದೇವತಾಮೂರ್ತಿಗಳ ಧ್ಯಾನಗಳ ಜೊತೆಗೆ ಆಟಗಳಿಗೂ ‘ಕೌತುಕನಿಧಿ’ ಎಂಬ ಭಾಗವನ್ನು ಮೀಸಲಿಟ್ಟರು. ಸ್ವತಃ ಹಲವು ಹೊಸ ಮಣೆಯಾಟಗಳನ್ನು ರಚಿಸಿದರು. ದೇವರನ್ನೂ ದಾಳವನ್ನೂ ಒಂದೇ ಗ್ರಂಥದಲ್ಲಿ ಕೂರಿಸಿದ ಪರಂಪರೆ ನಮ್ಮದು. ಕನ್ನಡ ತರಗತಿಯಲ್ಲಿ ಮಗು ಕಾಗುಣಿತ ಕಲಿಯುವುದು ಅಗತ್ಯವೇ. ಆದರೆ ಅವಸರ, ಸಿಟ್ಟು, ಗೆಲುವು, ಕೀಟಲೆಗಳಿಗೆ ಬೇಕಾದ ಮಾತುಗಳು ಆಟದಲ್ಲಿಯೂ ಮನೆಗೆಲಸದಲ್ಲಿಯೂ ಮಾತ್ರ ನಾಲಗೆಗೆ ಹತ್ತುತ್ತವೆ.

ಆರು ತಿಂಗಳ ಅವಧಿ ಮುಗಿದು ತಾಯಿಯವರು ಮೈಸೂರಿಗೆ ಮರಳಿದರು. ಎರಡೇ ವಾರಗಳಲ್ಲಿ ಮಕ್ಕಳ ಮಾತು ಮತ್ತೆ ಇಂಗ್ಲಿಷಿನತ್ತ ಜಾರಿತು. ಅಜ್ಜಿಗೆ ಇಂಗ್ಲಿಷ್ ತಿಳಿಯದೆಂಬ ಅನಿವಾರ್ಯವೇ ಅಷ್ಟು ದಿನ ಅವರ ಕನ್ನಡವನ್ನು ನಡೆಸಿತ್ತು. ಆ ಅನಿವಾರ್ಯವನ್ನು ಈಗ ನಾನೇ ವಹಿಸಿಕೊಂಡಿದ್ದೇನೆ: ತಂಡದ ನಾಲ್ಕನೆಯವನು ಕನ್ನಡದ ಹೊರತು ಬೇರೆ ಮಾತಿಗೆ ಓಗೊಡುವುದಿಲ್ಲ. ಮೊದಮೊದಲು ನನ್ನನ್ನು ಬಿಟ್ಟು ಓಡಿದರು. ನಾನು ಸತ್ತೆ, ತಂಡವೂ ಸೋತಿತು. ಮೂರನೆಯ ವಾರ ಕ್ಯಾರಿಯಿಂದ ದನಿ ಬಂದಿತು: “ಮಾವ, ಎಡಗಡೆ! ಬೇಗ!”

ಮಾನ್ಯರೇ, ಈ ಮೂರು ದಿನಗಳ ಸಂಭ್ರಮವನ್ನು ನಾವು ಮನಃಪೂರ್ವಕ ಅನುಭವಿಸೋಣ. ಆದರೆ ಮಂಗಳವಾರ ರಾತ್ರಿ ಕಸದ ಡಬ್ಬಿ ತಳ್ಳುವಾಗ ಮಗನನ್ನೋ ಮಗಳನ್ನೋ “ಬಾ, ಒಂದು ಕೈ ಹಿಡಿ” ಎಂದು ಕರೆಯುವುದನ್ನು ಮರೆಯದಿರೋಣ. ಆಮೇಲೆ ಅವರ ಆಟದಲ್ಲಿ ನಾವೂ ಒಂದು ಕಾಯಾಗೋಣ. ಹಣ್ಣಾಗುವುದು ನಿಧಾನವಾದರೂ ಚಿಂತೆಯಿಲ್ಲ.