ಕಬ್ಬಿನ ನಡುವೆ ಕಾಯಿಪಲ್ಯದ ಬರ



ಹುಕ್ಕೇರಿ ತಾಲೂಕಿನ ಹಿಡಕಲ್ ಜಲಾಶಯದಿಂದ ಗೋಕಾಕಕ್ಕೆ, ಅಲ್ಲಿಂದ ಮೂಡಲಗಿಗೆ ಪಯಣಿಸಿದವರಿಗೆ ನನ್ನ ಮಾತು ವಿಚಿತ್ರವಾಗಿ ಕೇಳಿಸೀತು. ರಸ್ತೆಯ ಇಕ್ಕೆಲಗಳಲ್ಲಿ ಕಬ್ಬು ಆಳೆತ್ತರ ನಿಂತಿರುತ್ತದೆ, ಘಟಪ್ರಭೆಯ ಕಾಲುವೆಗಳು ಹೊಲಗಳನ್ನು ತಣಿಸುತ್ತವೆ. ಇಷ್ಟು ಹಸಿರಿನ ನಡುವೆ ನಮ್ಮ ಪಟ್ಟಣಗಳ ಬಡ ಓಣಿಗಳಲ್ಲಿ ಒಂದು ಸಿವುಡು ಮೆಂತ್ಯೆ ಸೊಪ್ಪಿಗೆ ಪರದಾಡಬೇಕಾಗಿದೆ. ಕಬ್ಬು ಕಾರ್ಖಾನೆಗೆ ಹೋಗುವ ಬೆಳೆಯೇ ಹೊರತು ಗಂಗಾಳಕ್ಕೆ ಬರುವ ಬೆಳೆಯಲ್ಲ. ಊರಂಚಿನಲ್ಲಿ ರಾಜಗಿರಿ, ಸಬ್ಬಸಿಗೆ, ಬದನೆಕಾಯಿ ಬೆಳೆಯುತ್ತಿದ್ದ ತುಂಡು ಹೊಲಗಳೋ ಒಂದೊಂದಾಗಿ ಪ್ಲಾಟುಗಳಾಗುತ್ತಿವೆ. ಕರದಂಟಿಗೆ ಹೆಸರಾದ ಊರಿನಲ್ಲಿ ಸಿಹಿಗೆ ಕೊರತೆಯಿಲ್ಲ, ಕೊರತೆಯಿರುವುದು ಸೊಪ್ಪಿಗೆ.

ತಾಜಾ ಆಹಾರ ನಡೆದುಹೋಗುವಷ್ಟು ದೂರದಲ್ಲಿ ಸಿಗದ ಬಡಾವಣೆಯನ್ನು ಬ್ರಿಟನ್ನಿನಲ್ಲಿ 1990ರ ದಶಕದಿಂದ ‘ಆಹಾರದ ಮರುಭೂಮಿ’ ಎಂದು ಕರೆಯತೊಡಗಿದರು. ಅದು ಪರದೇಶದ ಪಟ್ಟಣಗಳ ರೋಗ, ನಮಗೇನು ಎಂದು ನೀವು ಕೇಳಬಹುದು. 2019ರ ಆಗಸ್ಟಿನಲ್ಲಿ ಘಟಪ್ರಭೆ, ಮಾರ್ಕಂಡೇಯ ನದಿಗಳು ಉಕ್ಕಿ ಗೋಕಾಕದ ತಗ್ಗಿನ ಓಣಿಗಳನ್ನು ಮುಳುಗಿಸಿದ್ದು ನಿಮಗೆ ನೆನಪಿರಬೇಕು. 2021ರಲ್ಲಿಯೂ 2024ರಲ್ಲಿಯೂ ನೀರು ಮತ್ತೆ ಬಂತು. ಎತ್ತರದ ನೆಲವನ್ನು ಹಣವಿದ್ದವರು ಕೊಂಡರು. ಬಾಡಿಗೆಯವನಿಗೆ ಉಳಿದದ್ದು ನೀರು ನುಗ್ಗುವ ತಗ್ಗು, ಇಲ್ಲವೇ ಊರಾಚೆಯ ಬಯಲು. ಆ ಬಯಲಿನಲ್ಲಿ ಸಂತೆ ಕೂಡುವುದಿಲ್ಲ. ಅಲ್ಲಿರುವ ಗೂಡಂಗಡಿಯಲ್ಲಿ ಬಿಸ್ಕಿಟ್ಟು, ಗುಟ್ಕಾ, ಬಣ್ಣದ ಪಾಕೀಟುಗಳು ದೊರೆಯುತ್ತವೆ; ಕಾಯಿಪಲ್ಯ ದೊರೆಯುವುದಿಲ್ಲ.

ರೇಶನ್ ಅಕ್ಕಿ ಇದೆಯಲ್ಲ ಎನ್ನುವವರಿದ್ದಾರೆ. ಅದಿದೆ, 2013ರಲ್ಲಿ ಆರಂಭವಾದ ಅನ್ನಭಾಗ್ಯ ಹಸಿವನ್ನು ತಗ್ಗಿಸಿದೆ, ಅದನ್ನು ಹೀಗಳೆಯುವವರೊಡನೆ ನಾನಿಲ್ಲ. ಆದರೆ ಅಕ್ಕಿಯೊಂದರಿಂದ ರಕ್ತ ತುಂಬದು. ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ ಐದು ವರ್ಷದೊಳಗಿನ ಮಕ್ಕಳಲ್ಲಿ ನೂರಕ್ಕೆ 65ಕ್ಕೂ ಹೆಚ್ಚು, ಹೆಂಗಸರಲ್ಲಿ ನೂರಕ್ಕೆ ಸುಮಾರು 48 ಮಂದಿ ರಕ್ತಹೀನರು.

ಈಗ ಮುಖ್ಯ ಮಾತಿಗೆ ಬರುತ್ತೇನೆ. ಅದು ನಿಮಗೆ ಹಿಡಿಸದಿರಬಹುದು. ಬಡ ಓಣಿಗಳಿಗೆ ಸೊಪ್ಪು ತಲುಪಿಸುತ್ತಿದ್ದವರು ಬುಟ್ಟಿ ಹೊತ್ತ ಹೆಂಗಸರು ಮತ್ತು ತಳ್ಳುಗಾಡಿಯವರು. ಅವರನ್ನು ರಸ್ತೆಯಿಂದ ಎಬ್ಬಿಸಿದವರು ಯಾರು? ಸಂಚಾರಕ್ಕೆ ಅಡ್ಡಿ, ಓಣಿಗೆ ಹೊಲಸು ಎಂದು ಅರ್ಜಿ ಬರೆದವರು ನಾವೇ. ನಾನಿದ್ದ ಒಂದು ಊರಿನಲ್ಲಿ ಅಂತಹ ಅರ್ಜಿಗೆ ಸಹಿ ಹಾಕಿದವರಲ್ಲಿ ಭಾನುವಾರ ಮುಂದಿನ ಸಾಲಿನಲ್ಲಿ ಕೂರುವವರೂ ಇದ್ದರು. ಅದನ್ನು ಕಂಡೂ ನಾನು ಸುಮ್ಮನಿದ್ದೆ. ಮರುವಾರ ಸೊಪ್ಪಿನ ಅವ್ವ ಬರಲಿಲ್ಲ. ತಿಂಗಳಾದ ಮೇಲೆ ಬಸ್‌ನಿಲ್ದಾಣದ ಬಳಿ ಸಿಕ್ಕಾಗ ಕೇಳಿದೆ. “ಫಾದರ್, ಕುಂದ್ರಾಕ ಜಾಗಾನ ಇಲ್ರೀ” ಎಂದಳು.

ಸೂಪರ್ ಮಾರ್ಕೆಟ್ ಬಂದಿದೆ, ಸ್ವಚ್ಛವಾಗಿದೆ, ರಿಯಾಯಿತಿಯೂ ಉಂಟು ಎಂಬ ವಾದ ಮೋಟಾರು ಸೈಕಲ್ ಇರುವವರದು. ದಿನಗೂಲಿಯವಳು ಸಂಜೆ ಕೈಗೆ ಬಂದ ಹಣದಲ್ಲಿ ಅಂದಿನ ಅಡಿಗೆಗೆ ಬೇಕಾದಷ್ಟನ್ನೇ ಕೊಳ್ಳುತ್ತಾಳೆ, ಹಣವಿಲ್ಲದ ದಿನ ಉದ್ರಿ ಕೇಳುತ್ತಾಳೆ. ಗಾಜಿನ ಬಾಗಿಲಿನ ಅಂಗಡಿಯಲ್ಲಿ ಉದ್ರಿ ಪುಸ್ತಕ ಇರುವುದಿಲ್ಲ. 2020ರಲ್ಲಿ ಕರೋನಾ ಬಂದು ಮಾರುಕಟ್ಟೆಗಳು ಮುಚ್ಚಿದಾಗ ನಮ್ಮ ಬಾಗಿಲಿಗೆ ಬದನೆಕಾಯಿ ತಂದದ್ದು ಇದೇ ತಳ್ಳುಗಾಡಿ. ಎಷ್ಟು ಬೇಗ ಮರೆತೆವು!

ಇದು ದಯೆಯ ಪ್ರಶ್ನೆ ಎಂದೂ ಯಾರೂ ಭಾವಿಸಬಾರದು. 2014ರಲ್ಲಿ ಸಂಸತ್ತು ಬೀದಿ ವ್ಯಾಪಾರಿಗಳ ಕಾಯ್ದೆಯನ್ನು ಮಾಡಿತು. ಪ್ರತಿ ಪಟ್ಟಣದಲ್ಲಿ ವ್ಯಾಪಾರ ಸಮಿತಿ ಇರಬೇಕು. ಅದರ ಸದಸ್ಯರಲ್ಲಿ ನೂರಕ್ಕೆ 40 ಮಂದಿಯಾದರೂ ವ್ಯಾಪಾರಿಗಳ ಪ್ರತಿನಿಧಿಗಳಾಗಿರಬೇಕು. ಸಮೀಕ್ಷೆ ಮುಗಿದು ಪ್ರಮಾಣಪತ್ರ ಕೊಡುವವರೆಗೆ ಯಾರನ್ನೂ ಎಬ್ಬಿಸಬಾರದು. ಸ್ಥಳಾವಕಾಶವಿದ್ದಲ್ಲಿ ಜನಸಂಖ್ಯೆಯ ಶೇಕಡಾ 2.5ರ ಮಿತಿಯೊಳಗೆ ವ್ಯಾಪಾರಿಗಳಿಗೆ ಜಾಗ ಕೊಡಬೇಕು. 2011ರ ಜನಗಣತಿಯಲ್ಲಿ ಗೋಕಾಕ ಪಟ್ಟಣದ ಜನಸಂಖ್ಯೆ ಸುಮಾರು 79 ಸಾವಿರ. ಆ ಲೆಕ್ಕದಲ್ಲಿ ಎರಡು ಸಾವಿರದ ಆಸುಪಾಸಿನವರೆಗೆ ಮಂದಿಗೆ ಅಲ್ಲಿ ಜಾಗ ಕೊಡಬಹುದು. ನಮ್ಮ ಅರ್ಜಿಗಿಂತ ಆ ಅವ್ವನ ಬುಟ್ಟಿಯೇ ಕಾನೂನಿಗೆ ಹತ್ತಿರವಾಗಿತ್ತು.

ಅರಸನಾದ ಅಹಾಬನು ನಾಬೋತನ ದ್ರಾಕ್ಷಿತೋಟವನ್ನು ಬಯಸಿದ್ದು, ಅರಮನೆಯ ಪಕ್ಕದಲ್ಲಿ ಕಾಯಿಪಲ್ಯದ ತೋಟ ಮಾಡಲೆಂದು. ನಾವು ಕಾಯಿಪಲ್ಯವನ್ನೇ ಎಬ್ಬಿಸಿ ಕಾರು ನಿಲ್ಲಿಸುತ್ತೇವೆ.

ಹುಕ್ಕೇರಿಯ ಜನ 1969ರಲ್ಲಿ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘವನ್ನು ಕಟ್ಟಿದರು. ಹಳ್ಳಿಹಳ್ಳಿಗೆ ಕಂಬ ನೆಟ್ಟು ವಿದ್ಯುತ್ ಹಂಚಬಲ್ಲ ಜನರಿಗೆ ವಾರಕ್ಕೆರಡು ದಿನ ಊರಾಚೆಯ ಬಡಾವಣೆಗೆ ಒಂದು ಗಾಡಿ ಕಾಯಿಪಲ್ಯ ತಲುಪಿಸುವುದು ಅಸಾಧ್ಯವೇ? ಚರ್ಚಿನ ಕಾಂಪೌಂಡಿನ ಹೊರಗೆ ನೆರಳಿದೆ, ಕುಡಿಯಲು ನೀರಿದೆ. ಮುಂದಿನ ಪಾಲನಾ ಸಮಿತಿಯ ಸಭೆಯಲ್ಲಿ ಆ ಜಾಗವನ್ನು ಸೊಪ್ಪಿನವರಿಗೆ ಬಿಡುವ ವಿಷಯವನ್ನು ಇಡಲಿದ್ದೇನೆ. ಅದೇ ದಿನ, ಬೀದಿ ವ್ಯಾಪಾರ ಸಮಿತಿ ಎಷ್ಟು ಬಾರಿ ಸಭೆ ಸೇರಿದೆ ಎಂದು ಪುರಸಭೆಗೆ ಬರೆದು ಕೇಳುವ ಪತ್ರವನ್ನೂ ಮೇಜಿನ ಮೇಲಿಡುತ್ತೇನೆ. ಹಿಂದಿನ ಅರ್ಜಿಗೆ ಸಹಿ ಹಾಕಿದವರು ಇದಕ್ಕೂ ಹಾಕಬಹುದು; ಪೆನ್ನು ನಾನೇ ತರುತ್ತೇನೆ.