ಹಕ್ಕಿ ಉಳಿಸುವ ಕೆಲಸ ಎಂದರೆ ಕಾಡು ಸುತ್ತುವುದಷ್ಟೇನಾ?

ಅಳಿವಿನಂಚಿನ ಹಕ್ಕಿಗಳ ಅಧ್ಯಯನದ ಕೆಲಸಕ್ಕೆ ಸೇರಿದರೆ ಕೈಯಲ್ಲಿ ಬೈನಾಕ್ಯುಲರ್, ಹೆಗಲಿಗೆ ಕ್ಯಾಮೆರಾ, ದಿನವಿಡೀ ಕಾಡು ಎಂದು ನಾವೆಲ್ಲ ಅಂದುಕೊಳ್ಳುತ್ತೇವೆ. ಅದು ಅರ್ಧ ಸತ್ಯ. ರಣಹದ್ದಿನ ಉದಾಹರಣೆಯನ್ನೇ ನೋಡೋಣ.

ಮೊಬೈಲ್ ಟವರ್ ಕಾರಣವೇ?

ಹಕ್ಕಿಗಳು ಕಣ್ಮರೆಯಾದರೆ ಟವರ್‌ಗಳನ್ನು ದೂರುವ ಫಾರ್ವರ್ಡ್‌ಗಳು ನಮಗೆಲ್ಲ ಬಂದಿವೆ. ಆದರೆ ಭಾರತದಲ್ಲಿ ಮೊಬೈಲ್ ಸೇವೆ ಶುರುವಾದದ್ದು 1995ರಲ್ಲಿ. ಹಳ್ಳಿಗಳಿಗೆ ಟವರ್ ಬಂದದ್ದು ಇನ್ನೂ ತಡವಾಗಿ. ರಣಹದ್ದುಗಳು ಮಾತ್ರ 1990ರ ದಶಕದಲ್ಲೇ ಸಾಯತೊಡಗಿದ್ದವು. 1992ರಿಂದ 2007ರ ನಡುವೆ ಬಿಳಿಬೆನ್ನಿನ ರಣಹದ್ದುಗಳಲ್ಲಿ ಶೇ 99ಕ್ಕೂ ಹೆಚ್ಚು ಇಲ್ಲವಾದವು.

ಹಾಗಾದರೆ ಕೊಂದದ್ದು ಯಾವುದು?

ಮೊದಲು ವಿಜ್ಞಾನಿಗಳೂ ಸಾಂಕ್ರಾಮಿಕ ರೋಗವಿರಬಹುದು ಎಂದು ಶಂಕಿಸಿದ್ದರು. ಪಾಕಿಸ್ತಾನದಲ್ಲಿ ಸತ್ತ ಹಕ್ಕಿಗಳನ್ನು ಪರೀಕ್ಷಿಸಿದ ಲಿಂಡ್ಸೆ ಓಕ್ಸ್ ತಂಡ 2004ರಲ್ಲಿ ಉತ್ತರ ಪ್ರಕಟಿಸಿತು: ದನಗಳಿಗೆ ಕೊಡುವ ನೋವಿನ ಔಷಧ ಡೈಕ್ಲೋಫೆನಾಕ್. ಔಷಧ ಪಡೆದ ಕೂಡಲೇ ಸತ್ತ ದನವನ್ನು ತಿಂದ ಹದ್ದಿನ ಮೂತ್ರಪಿಂಡ ಕೆಡುತ್ತದೆ. ಒಂದೇ ಹೆಣಕ್ಕೆ ಹತ್ತಾರು ಹದ್ದುಗಳು ಮುತ್ತುವುದರಿಂದ, ನೂರರಲ್ಲಿ ಒಂದಕ್ಕಿಂತ ಕಡಿಮೆ ಹೆಣದಲ್ಲಿ ವಿಷವಿದ್ದರೂ ಇಡೀ ಸಂತತಿ ಕುಸಿಯುತ್ತದೆ.

ಹೊಸಬರ ಕೆಲಸವೇನು?

ಗೂಡು, ಮರಿ ಎಣಿಸುವುದು ಇದ್ದೇ ಇದೆ. ಜೊತೆಗೆ, ನಾರುವ ದನದ ಹೆಣದಿಂದ ಪಿತ್ತಜನಕಾಂಗದ ಚೂರು ತೆಗೆದು ಪ್ರಯೋಗಾಲಯಕ್ಕೆ ಕಳಿಸಬೇಕು. ಗಿರಾಕಿಯಂತೆ ಔಷಧ ಅಂಗಡಿಗೆ ಹೋಗಿ, ದನದ ನೋವಿಗೆ ಏನು ಕೊಡುತ್ತಾರೆ ಎಂದು ನೋಡಬೇಕು. ರೈತರೊಂದಿಗೆ ಕೂತು ಮಾತಾಡಬೇಕು. ಇಂಥ ಕೆಲಸದಿಂದಲೇ ನಿಷೇಧದ ನಂತರದ ಸತ್ಯ ಹೊರಬಂತು. 2006ರಲ್ಲಿ ದನಗಳಿಗೆ ಈ ಔಷಧ ನಿಷೇಧವಾದರೂ, ಮನುಷ್ಯರಿಗೆಂದು ಮಾರುವ ದೊಡ್ಡ ಬಾಟಲಿಯ ಇಂಜೆಕ್ಷನ್ ದನಗಳಿಗೆ ಹೋಗುತ್ತಿತ್ತು. 2015ರಲ್ಲಿ ಆ ಬಾಟಲಿಯನ್ನು 3 ಮಿ.ಲೀ.ಗೆ ಇಳಿಸಲಾಯಿತು.

ಫಲ ಬೇಗ ಸಿಗುವುದಿಲ್ಲ. ರಣಹದ್ದು ವರ್ಷಕ್ಕೆ ಇಡುವುದು ಒಂದೇ ಮೊಟ್ಟೆ. ಮರಿ ಬೆಳೆದು ಗೂಡು ಕಟ್ಟಲು ಸುಮಾರು ಐದು ವರ್ಷ ಬೇಕು. ನಮ್ಮ ರಾಮನಗರದ ರಾಮದೇವರ ಬೆಟ್ಟ 2012ರಲ್ಲಿ ರಣಹದ್ದು ವನ್ಯಧಾಮವಾಯಿತು. ಆದರೆ ಊಟ ಹುಡುಕಿ ಹತ್ತಾರು ಕಿಲೋಮೀಟರ್ ಹಾರುವ ಹಕ್ಕಿಗೆ ವನ್ಯಧಾಮದ ಗಡಿ ಗೊತ್ತಿಲ್ಲ.

ನಾವೇನು ಮಾಡಬಹುದು?

ಮನೆಯಲ್ಲಿ ದನವಿದ್ದರೆ, ಮನುಷ್ಯರ ನೋವಿನ ಇಂಜೆಕ್ಷನ್ ಬೇಡ, ಮೆಲಾಕ್ಸಿಕ್ಯಾಮ್ ಆಗುತ್ತದೆಯೇ ಎಂದು ಪಶುವೈದ್ಯರನ್ನು ಕೇಳಿ. ಅದು ಹದ್ದಿಗೆ ಸುರಕ್ಷಿತವೆಂದು ಪರೀಕ್ಷೆಯಿಂದ ಗೊತ್ತಾಗಿದೆ. ಫಾರ್ವರ್ಡ್ ಮಾಡುವುದಿದ್ದರೆ ಇದನ್ನು ಮಾಡಿ.