ಬಿಲ್ಲಿನ ಮೇಲಿನ ದುಡ್ಡು
ಗ್ಯಾಸ್ ಸಿಲಿಂಡರ್ ತಂದವರು ‘ಮೇಲೆ ಐವತ್ತು ಕೊಡಿ ಅಮ್ಮ’ ಎಂದು ಪಟ್ಟು ಹಿಡಿದರೆ ಕೊಡಬೇಕಾಗಿಲ್ಲ. ಮನೆಬಾಗಿಲಿಗೆ ತಲುಪಿಸುವ ಖರ್ಚು ಬಿಲ್ಲಿನಲ್ಲೇ ಸೇರಿರುತ್ತದೆ. ಆದರೂ 14.2 ಕೆ.ಜಿ. ಅನಿಲ, ಹೆಚ್ಚುಕಮ್ಮಿ ಅಷ್ಟೇ ಭಾರದ ಉಕ್ಕು, ಒಟ್ಟು ಸುಮಾರು 30 ಕೆ.ಜಿ.ಯನ್ನು ಹೆಗಲ ಮೇಲಿಟ್ಟು ಲಿಫ್ಟಿಲ್ಲದ ಮೂರನೇ ಮಹಡಿ ಹತ್ತಿ, ಅಡುಗೆಮನೆಯಲ್ಲಿ ಸದ್ದಾಗದಂತೆ ಇಳಿಸಿ, ಸೀಲ್ ಕಿತ್ತು ವಾಷರ್ ನೋಡಿ, ಟವೆಲ್ಲಿನಿಂದ ಕತ್ತು ಒರೆಸಿಕೊಳ್ಳುವವರನ್ನು ಕಂಡಾಗ ನಾನು ಅವರು ಕೇಳುವ ಮುಂಚೆಯೇ ಕೊಡುತ್ತೇನೆ. ಬಿಲ್ಲಿನಲ್ಲಿ ಮೆಟ್ಟಿಲಿನ ಲೆಕ್ಕ ಇಲ್ಲವಲ್ಲ! ತಾವೇ ದರ ಹೇಳುವ ಪ್ಲಂಬರ್, ಎಲೆಕ್ಟ್ರಿಷಿಯನ್‌ಗಳ ವಿಷಯ ಬೇರೆ. ಅವರಿಗೆ ಚೌಕಾಸಿ ಮಾಡದೆ, ‘ನಾಳೆ ಬನ್ನಿ’ ಎನ್ನದೆ ಅವತ್ತೇ ಪೂರ್ತಿ ಕೊಟ್ಟರೆ ಸಾಕು. ಇನ್ನೂರು ಕಡಿತ ಮಾಡಿ ಕೊನೆಗೆ ಇಪ್ಪತ್ತು ಟಿಪ್ಸ್ ಕೊಡುವುದನ್ನು ನಾನು ಔದಾರ್ಯ ಎನ್ನಲಾರೆ. ಆ್ಯಪ್‌ನಲ್ಲಿ ಬುಕ್ ಮಾಡಿದಾಗ ಕಂಪನಿ ತನ್ನ ಕಮಿಷನ್ ಮುರಿದುಕೊಳ್ಳುವುದರಿಂದ ನಾವು ಕಟ್ಟಿದ್ದೆಲ್ಲ ಕೆಲಸ ಮಾಡಿದವರಿಗೆ ಸಿಗುವುದಿಲ್ಲ, ಹಾಗಾಗಿ ಅಲ್ಲಿ ಟಿಪ್ಸನ್ನು ಅವರ ಕೈಗೇ ಕೊಡುವುದು ಸರಿ. ಎಲ್ಲರೂ ಮರೆಯುವುದು ಹೆಲ್ಪರ್‌ಗಳನ್ನು. ಮೇಸ್ತ್ರಿಯ ಜೊತೆ ಬಂದು, ಸಿಮೆಂಟ್ ಕಲಸಿ, ಒಡೆದ ಟೈಲ್ಸ್ ಮೂಟೆ ಕಟ್ಟಿ ಕೆಳಗೆ ಹೊರುವ ಆ ಹುಡುಗರಿಗೆ ಸಿಗುವುದು ದಿನಗೂಲಿ ಮಾತ್ರ. ಮೇಸ್ತ್ರಿಯ ಕೈಗೆ ಕೊಟ್ಟದ್ದು ಅವರಿಗೆ ಮುಟ್ಟುತ್ತದೆಂಬ ಖಾತ್ರಿಯಿಲ್ಲ. ಹೆಸರು ಕೇಳಿ, ಅವರ ಪಾಲನ್ನು ಅವರ ಕೈಗೇ ಕೊಡಿ.